ಆಪ್ಟಿಟ್ಯೂಡ್: ‘ಬ್ರೋಕನ್ ಪ್ಯಾಕೇಜ್’ ಕಾಯಿಲೆಗೆ ಎಷ್ಟರ ಮಟ್ಟಿಗೆ ಮದ್ದು?

ಉಬುಂಟು 22.04 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಪ್ರಿಂಟರ್ ಡ್ರೈವರ್ ಹಾಕಲು ಹೋದಾಗ ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ (ತಡೆಹಿಡಿದ, ಮುರಿದ ಪ್ಯಾಕೇಜುಗಳಿವೆ) ಎಂಬ ಸಾಲು ಕಾರಿ, ಪ್ಯಾಕೇಜುಗಳನ್ನು ಅಂದರೆ ತಂತ್ರಾಂಶದ ಕಟ್ಟುಗಳನ್ನು ಹಾಕುವ ಸಾಧನ ಆಪ್ಟ್ ಕೈಚೆಲ್ಲುತ್ತದೆ. ಈ ಸಾಲೇ ದಾರಿ ತಪ್ಪಿಸುವಂಥದ್ದು. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಕೊಟ್ಟು ನೋಡಿ, ಬಹುತೇಕ ಸಲ ಒಂದು ಹೆಸರೂ ಬರುವುದಿಲ್ಲ. ಯಾರೂ ಏನನ್ನೂ ತಡೆಹಿಡಿದಿರುವುದಿಲ್ಲ. ಕೇಳಿದ ಪ್ಯಾಕೇಜಿಗೆ ಬೇಕಾದ ಆವೃತ್ತಿ ಸಿಗುತ್ತಿಲ್ಲ, ಅಷ್ಟೇ. ಯಾಕೆ ಸಿಗುತ್ತಿಲ್ಲ ಎಂಬುದನ್ನು ಆಪ್ಟ್ ಬಿಡಿಸಿ ಹೇಳುವುದಿಲ್ಲ. ಆಪ್ಟಿಟ್ಯೂಡ್ ಬೇಕಾಗುವುದು ಇಲ್ಲಿ.

ಆಪ್ಟ್‌ನ ಹಾಗೇ ಪ್ಯಾಕೇಜು ಹಾಕುವ, ತೆಗೆಯುವ ಇದು 1999ರಿಂದ ಇರುವ, ದುಡ್ಡಿಲ್ಲದೆ ಸಿಗುವ ಮುಕ್ತ ತಂತ್ರಾಂಶ. ಉಬುಂಟುವಿನಲ್ಲಿ ಮೊದಲೇ ಇರುವುದಿಲ್ಲ, ‘ಸುಡೊ ಆಪ್ಟ್ ಇನ್‌ಸ್ಟಾಲ್ ಆಪ್ಟಿಟ್ಯೂಡ್’ ಎಂದು ಹಾಕಿಕೊಳ್ಳಬೇಕು. ಯಂತ್ರ ನೆಟ್ಟಗಿರುವಾಗಲೇ ಹಾಕಿಡಿ. ಅವಲಂಬನೆ (ಒಂದು ಪ್ಯಾಕೇಜಿಗೆ ಇನ್ನೊಂದು ಬೇಕಾಗುವುದು) ಒಮ್ಮೆ ಮುರಿದು ಕೂತರೆ ಆಪ್ಟ್ ಹೊಸದೇನನ್ನೂ ಒಳಗೆ ಬಿಡುವುದಿಲ್ಲ, ಆಗ ಇದೂ ಸಿಗುವುದಿಲ್ಲ. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ.)

ಕೊಪ್ಪಳ, ಗಂಗಾವತಿ ಕಡೆಯ ಝೆರಾಕ್ಸ್ ಅಂಗಡಿಗೆ ಹೊಂದುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕ್ಯಾನನ್ ಎಲ್‌ಬಿಪಿ 2900ರ ಲಿನಕ್ಸ್ ಡ್ರೈವರಿನಲ್ಲಿ 32 ಬಿಟ್ ತುಣುಕುಗಳಿವೆ. ಹಾಗಾಗಿ 64 ಬಿಟ್ ಯಂತ್ರದಲ್ಲಿ ಮೊದಲು ‘ಸುಡೊ ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386’ (ಡಿಪಿಕೆಜಿ ಎಂದರೆ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಸಾಧನ), ಆಮೇಲೆ ‘ಆಪ್ಟ್ ಅಪ್‌ಡೇಟ್’, ಆಮೇಲೆ ‘ಲಿಬ್‌ಸಿ6:ಐ386’, ಅಂದರೆ ಬಹುತೇಕ ತಂತ್ರಾಂಶಗಳಿಗೆ ಬೇಕಾದ ಮೂಲ ಲೈಬ್ರರಿ ಲಿಬ್‌ಸಿ6ರ 32 ಬಿಟ್ ಪ್ರತಿ ಹಾಕಬೇಕು. ಎಡವುವುದು ಈ ಮೂರನೇ ಹೆಜ್ಜೆಯಲ್ಲಿ. ಲಿಬ್‌ಸಿ6ರ 64 ಮತ್ತು 32 ಬಿಟ್ ಪ್ರತಿಗಳೆರಡೂ ಅಕ್ಷರಶಃ ಒಂದೇ ಆವೃತ್ತಿಯವಾಗಿರಬೇಕು, ಕೊನೆಯ ಅಂಕಿ ಬೇರೆಯಾದರೂ ಒಂದನ್ನೊಂದು ಸೇರಿಸುವುದಿಲ್ಲ.

‘ಸುಡೊ ಆಪ್ಟಿಟ್ಯೂಡ್ ಇನ್‌ಸ್ಟಾಲ್ ಲಿಬ್‌ಸಿ6:ಐ386’ ಎಂದರೆ ಅದು ಕೊಡುವ ಮೊದಲ ಪರಿಹಾರ ಸಾಮಾನ್ಯವಾಗಿ ನಗು ತರಿಸುತ್ತದೆ: ಕೇಳಿದ್ದನ್ನು ಹಾಕದೆ ಇದ್ದ ಹಾಗೇ ಇರೋಣ ಎನ್ನುತ್ತದೆ. ಕೆಳಗೆ ‘ವೈ/ಎನ್/ಕ್ಯೂ’ ಎಂಬ ಪ್ರಶ್ನೆ. ಎಂಟರ್ ಒತ್ತಿದರೆ ಒಪ್ಪಿದ ಹಾಗೆ, ಏನೂ ಆಗದೆ ಹೊರಬರುತ್ತೀರಿ. ‘ಎನ್’ ಒತ್ತಿ. ಮುಂದಿನ ಪರಿಹಾರಗಳಲ್ಲಿ ಲಿಬ್‌ಸಿ6 ಅನ್ನು 2.35-0ಉಬುಂಟು3.8ರಿಂದ 2.35-0ಉಬುಂಟು3ಕ್ಕೆ ಇಳಿಸುವ ಬಾಣದ ಗುರುತಿನ ಸಾಲೊಂದು ಕಂಡರೆ ರೋಗ ಸಿಕ್ಕಿತು ಎಂದೇ ಲೆಕ್ಕ. ಒಪ್ಪಬೇಡಿ, ‘ಕ್ಯೂ’ ಒತ್ತಿ ಹೊರಬನ್ನಿ. ಇಡೀ ಸಿಸ್ಟಮ್ ನಿಂತಿರುವುದೇ ಲಿಬ್‌ಸಿ6ರ ಮೇಲೆ, ಅದನ್ನು ಹಿಂದಿನ ಆವೃತ್ತಿಗೆ ಇಳಿಸುವುದು ಬುನಾದಿಯ ಕಲ್ಲು ಕಿತ್ತ ಹಾಗೆ. ಆ ಸಾಲನ್ನು ಓದಿಕೊಂಡರೆ ಸಾಕು: ಯಂತ್ರದಲ್ಲಿ ಹೊಸದಿದೆ, ಪ್ಯಾಕೇಜುಗಳು ಇಳಿದು ಬರುವ ಆನ್‌ಲೈನ್ ಭಂಡಾರದಲ್ಲಿ (ರೆಪೊಸಿಟರಿ) ಹಳೆಯದು ಮಾತ್ರ ಕಾಣುತ್ತಿದೆ.

‘ಆಪ್ಟ್-ಕ್ಯಾಶ್ ಪಾಲಿಸಿ ಲಿಬ್‌ಸಿ6’ ಅದನ್ನೇ ಖಾತ್ರಿ ಮಾಡುತ್ತದೆ. ಮೂರು ನಕ್ಷತ್ರ ಇರುವ ಸಾಲು ಈಗ ಇರುವ ಆವೃತ್ತಿ. ಅದರ ಕೆಳಗೆ 100 ಎಂಬ ಅಂಕಿಯೂ ಡಿಪಿಕೆಜಿ ಸ್ಟೇಟಸ್ ಕಡತದ ಹೆಸರೂ ಮಾತ್ರ ಇದ್ದರೆ ಆ ಆವೃತ್ತಿ ಯಾವ ಭಂಡಾರದಲ್ಲೂ ಇಲ್ಲ ಎಂದರ್ಥ. 500 ಎಂದಿರುವುದು ಭಂಡಾರದಿಂದ ಬರುವಂಥದ್ದು. ಕಾರಣ ಬಹಳ ಸಲ ಸಣ್ಣದು. ಮೊಬೈಲ್ ಹಾಟ್‌ಸ್ಪಾಟಿನ ಡೇಟಾ ಉಳಿಸಲೆಂದು ಯಾರೋ ಭಂಡಾರಗಳ ಪಟ್ಟಿಯಾದ ಸೋರ್ಸಸ್ ಲಿಸ್ಟ್ ಕಡತದ ‘ಅಪ್‌ಡೇಟ್ಸ್’, ‘ಸೆಕ್ಯುರಿಟಿ’ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಇಟ್ಟು ಅವನ್ನು ನಿಲ್ಲಿಸಿರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ, ಬೈಗುಳ ತಿನ್ನುವುದು ಪ್ರಿಂಟರ್ ಡ್ರೈವರ್. ಹ್ಯಾಶ್ ತೆಗೆದು ‘ಆಪ್ಟ್ ಅಪ್‌ಡೇಟ್’, ‘ಆಪ್ಟ್ ಅಪ್‌ಗ್ರೇಡ್’ ಮಾಡಿ ‘ಲಿಬ್‌ಸಿ6:ಐ386’ ಅನ್ನು ಮತ್ತೆ ಹಾಕಿ. ಉಬುಂಟು 24.04ರಲ್ಲಿ ಈ ಸಾಲುಗಳು ‘ಉಬುಂಟು.ಸೋರ್ಸಸ್’ ಎಂಬ ಬೇರೆ ಕಡತಕ್ಕೆ ಹೋಗಿವೆ, ಅಲ್ಲಿ ‘ಸೂಟ್ಸ್’ ಎಂದಿರುವ ಸಾಲನ್ನು ನೋಡಬೇಕು. ಇಳಿಸಿಕೊಂಡ ಡ್ರೈವರ್ ಕಡತಗಳಲ್ಲಿ ‘ಕಾಮನ್’ ಎಂದಿರುವುದು ಮೊದಲು, ‘ಕ್ಯಾಪ್ಟ್’ ಆಮೇಲೆ. ‘ಡಿಪಿಕೆಜಿ -ಐ’ ಬದಲು ‘ಆಪ್ಟ್ ಇನ್‌ಸ್ಟಾಲ್ ./ಕಡತದ ಹೆಸರು’ ಎಂದರೆ ಅವಲಂಬನೆಗಳನ್ನೂ ಅದೇ ಎಳೆದು ತರುತ್ತದೆ.

ಆಪ್ಟಿಟ್ಯೂಡ್‌ನ ಇನ್ನೆರಡು ಆಜ್ಞೆಗಳು ಚಿನ್ನದಂಥವು. ‘ಆಪ್ಟಿಟ್ಯೂಡ್ ವೈ-ನಾಟ್’ ಮುಂದೆ ಪ್ಯಾಕೇಜಿನ ಹೆಸರು ಕೊಟ್ಟರೆ ಯಾವುದಕ್ಕೆ ಯಾವುದು ಅಡ್ಡ ಬಂದಿದೆ ಎಂಬ ಸರಪಳಿ ತೋರಿಸುತ್ತದೆ. ‘ಆಪ್ಟಿಟ್ಯೂಡ್ ಸರ್ಚ್ ~ಒ’ ಯಾವ ಭಂಡಾರದಲ್ಲೂ ಈಗ ಇಲ್ಲದ ಪ್ಯಾಕೇಜುಗಳನ್ನು ಪಟ್ಟಿ ಮಾಡುತ್ತದೆ. ಹಳೆಯ ಪಿಪಿಎ (ಹೊರಗಿನವರು ಇಟ್ಟ ಖಾಸಗಿ ಭಂಡಾರ) ಬಿಟ್ಟು ಹೋದ ಕಸ ಸಿಗುವುದು ಇಲ್ಲೇ, ಗುಡಿಸಲು ‘ಪಿಪಿಎ-ಪರ್ಜ್’ ಇದೆ.

ಇನ್ನು ದೋಷ. ಇದರ ಕೈ ಸ್ವಲ್ಪ ಉದ್ದ. ಬೇಡವಾದವನ್ನು ತಾನಾಗಿಯೇ ತೆಗೆಯುವ ಚಾಳಿ ಇದೆ, ಕೇಳಿದ ಕೆಲಸದ ಜೊತೆಗೇ ಅದನ್ನೂ ಸೇರಿಸುತ್ತದೆ. ಡಿಟಿಪಿ ಅಂಗಡಿಯ ಯಂತ್ರದಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟನ್ನು ಯಾರಾದರೂ ತೆಗೆದಿದ್ದರೆ, ಅದರ ಜೊತೆ ಬಂದಿದ್ದ ಗುಬ್ಬಿ, ನವಿಲು ಫಾಂಟುಗಳು ಅನಾಥವಾಗಿ ಅಳಿಸುವ ಪಟ್ಟಿಗೆ ಬೀಳುತ್ತವೆ. ಮದುವೆ ಪತ್ರಿಕೆಯ ಕೆಲಸ ಅರ್ಧದಲ್ಲಿರುವಾಗ ಇದು ಬೇಕೇ? ‘ಆಪ್ಟಿಟ್ಯೂಡ್ ಅನ್‌ಮಾರ್ಕ್‌ಆಟೊ’ ಎಂದು ಬರೆದು ಫಾಂಟುಗಳ ಹೆಸರು ಕೊಟ್ಟರೆ ಅವು ಉಳಿಯುತ್ತವೆ. ಹಳೆಯ ಬಾಕಿ ಕೆಲಸಗಳನ್ನು ಮರೆಸಲು ‘ಆಪ್ಟಿಟ್ಯೂಡ್ ಕೀಪ್-ಆಲ್’. ಏನೇ ಮಾಡುವ ಮುಂಚೆ ‘-ಎಸ್’ ಸೇರಿಸಿ ಪರೀಕ್ಷಾರ್ಥ ಓಡಿಸಿ, ‘ರಿಮೂವ್’ ಸಾಲುಗಳನ್ನು ಒಂದೊಂದಾಗಿ ಓದಿ. ತಿಕ್ಕಾಟ ಜಟಿಲವಾಗಿದ್ದರೆ 5000 ಹೆಜ್ಜೆ ಹುಡುಕಿ ‘ಇನ್ನೂ ಹುಡುಕಲೇ’ ಎಂದು ಕೇಳುತ್ತದೆ, ಹಳೆಯ ಯಂತ್ರದಲ್ಲಿ ಅಷ್ಟು ಹೊತ್ತಿಗೆ ಚಹಾ ಕುಡಿದು ಬರಬಹುದು. ಇಡೀ ಸಿಸ್ಟಮನ್ನು ಮುಂದಿನ ಆವೃತ್ತಿಗೆ ಏರಿಸಲು ಇದನ್ನು ಬಳಸಬೇಡಿ. ಉಬುಂಟುವಿಗೆ ಮೂಲವಾದ ಡೆಬಿಯನ್‌ನ ಬಿಡುಗಡೆ ಟಿಪ್ಪಣಿಗಳು ಅದಕ್ಕೆ ಆಪ್ಟ್ ಅನ್ನೇ ಹೇಳುತ್ತವೆ.

ಅಪ್‌ಗ್ರೇಡ್ ನಡುವೆ ಕರೆಂಟು ಹೋಗಿ ಕೆಟ್ಟದ್ದಕ್ಕೂ ಇದು ಮದ್ದಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಅಪ್‌ಗ್ರೇಡ್‌ಗೆ ಕೈ ಹಾಕುವುದೇ ತಪ್ಪು. ಆದರೂ ಆಗಿದ್ದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಅದಾದ ಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಎರಡು ಸಾಧನಗಳು ಒಟ್ಟಿಗೆ ಪ್ಯಾಕೇಜು ಬದಲಿಸದಂತೆ ತಡೆಯುವ ಲಾಕ್ ಕಡತವನ್ನು ಅಳಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಹಿನ್ನೆಲೆಯಲ್ಲಿ ತಾನಾಗಿಯೇ ಅಪ್‌ಡೇಟ್ ಹಾಕುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ ಓಡುತ್ತಿದ್ದರೆ ಡೇಟಾಬೇಸ್ ಹಾಳಾಗುತ್ತದೆ.

ಐದಕ್ಕೆ ನಾಲ್ಕು ಅಂಕ. ದಿನದ ಕೆಲಸಕ್ಕೆ ಆಪ್ಟ್, ರೋಗ ಹಿಡಿಯಲು ಆಪ್ಟಿಟ್ಯೂಡ್, ಔಷಧಿ ಕೊಡಲು ಮತ್ತೆ ಆಪ್ಟ್. ಉಬುಂಟು 25.10ರ ಆಪ್ಟ್ 3.1ಕ್ಕೆ ‘ವೈ’, ‘ವೈ-ನಾಟ್’ ಎರಡೂ ಬಂದಿವೆ, ಅಲ್ಲಿಗೆ ಹೋದವರು ಇದನ್ನು ಹಾಕಿಕೊಳ್ಳಲೇಬೇಕೆಂದಿಲ್ಲ. 22.04ರಲ್ಲೇ ಇರುವ ಅಂಗಡಿ, ರೈಸ್ ಮಿಲ್ಲಿನ ಬಿಲ್ಲಿಂಗ್ ಯಂತ್ರಗಳಲ್ಲಿ ಮಾತ್ರ ಇದು ಇರಲೇಬೇಕು.