ನೆಕ್ಸ್ಟ್‌ಸ್ಟ್ರೇನ್: ಹೊಸ ತಳಿಯ ಸುದ್ದಿ ಬಂದಾಗ ನಾನು ನೋಡುವ ತಾಣ

ನೆಕ್ಸ್ಟ್‌ಸ್ಟ್ರೇನ್ ಅಂದರೆ ವೈರಸ್‌ಗಳ ವಂಶವೃಕ್ಷ ತೋರಿಸುವ ಒಂದು ವೆಬ್‌ಸೈಟ್. ಮೊದಲೇ ಹೇಳಿಬಿಡುತ್ತೇನೆ. ನಿಮ್ಮೂರಲ್ಲಿ ಇವತ್ತು ಎಷ್ಟು ಜನಕ್ಕೆ ಕೊರೊನಾ ಬಂದಿದೆ ಅಂತ ನೆಕ್ಸ್ಟ್‌ಸ್ಟ್ರೇನ್ ಹೇಳುವುದಿಲ್ಲ. ಅದನ್ನು ಹುಡುಕಿಕೊಂಡು ಹೋದವರು ಬಣ್ಣಬಣ್ಣದ ಚುಕ್ಕಿ ನೋಡಿ, ತಲೆಬುಡ ತಿಳಿಯದೆ ಮುಚ್ಚಿಬಿಡುತ್ತಾರೆ. ಬಂದಿರುವ ವೈರಸ್ ಯಾರ ಮಗ, ಯಾರ ಮೊಮ್ಮಗ, ಆ ಮನೆತನ ಬೆಳೀತಾ ಇದೆಯಾ ಅಂತ ತಿಳಿಯಬೇಕಾ? ಹಾಗಾದರೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಇದನ್ನು ಕಟ್ಟಿದವರಲ್ಲಿ ಮುಖ್ಯರಾದವರು ಇಬ್ಬರು, ಅಮೆರಿಕದ ಸಿಯಾಟಲ್‌ನ ಟ್ರೆವರ್ ಬೆಡ್‌ಫೋರ್ಡ್ ಮತ್ತು ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನ ರಿಚರ್ಡ್ ನೆಹರ್. ಕೊರೊನಾಕ್ಕೂ ಮೊದಲು ಫ್ಲೂ ವೈರಸ್ಸಿನ ಬೆನ್ನು ಹತ್ತಿ ಶುರುವಾದ ಕೆಲಸ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಮೇಲೆ ವಂಶವೃಕ್ಷದ ಮರ, ಅದರ ಜೊತೆಗೆ ಭೂಪಟ, ಕೆಳಗೆ ಸುಮಾರು 30 ಸಾವಿರ ಅಕ್ಷರದ ಜೀನೋಮ್‌ನಲ್ಲಿ (ವೈರಸ್ಸಿನ ಪೂರ್ತಿ ಆನುವಂಶಿಕ ಬರಹ) ಎಲ್ಲೆಲ್ಲಿ ಬದಲಾವಣೆ ಆಗಿದೆ ಅನ್ನುವ ಪಟ್ಟಿ. ಮರದ ಒಂದೊಂದು ಚುಕ್ಕಿಯೂ ಯಾರದೋ ಮೂಗಿನಿಂದ ತೆಗೆದ ಒಂದು ಸ್ವ್ಯಾಬ್. ಚುಕ್ಕಿ ಮುಟ್ಟಿದರೆ ದೇಶ, ದಿನಾಂಕ, ತಳಿಯ ಹೆಸರು ಬರುತ್ತದೆ.

ನನಗೆ ಇದರ ಹುಚ್ಚು ಹತ್ತಿದ್ದು 2021ರ ಡಿಸೆಂಬರಿನಲ್ಲಿ. ಈಗ ಹಾಸನದಲ್ಲಿ ರಕ್ತ, ಮೂತ್ರ ಪರೀಕ್ಷೆಯ ಸಣ್ಣ ಲ್ಯಾಬ್ ನಡೆಸುತ್ತೇನೆ. ಆಗ ಒಂದು ಆರ್‌ಟಿ-ಪಿಸಿಆರ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಬೆಂಗಳೂರಲ್ಲೇ ಸಿಕ್ಕಿದ್ದವು, ಡಿಸೆಂಬರ್ 2ಕ್ಕೆ ಸುದ್ದಿ. ನಮ್ಮಲ್ಲಿ ಆಗ ಟ್ಯಾಕ್‌ಪಾತ್ ಅನ್ನುವ ಕೊರೊನಾ ಟೆಸ್ಟ್ ಕಿಟ್ ಇತ್ತು. ಅದು ಒಂದೇ ಸಲಕ್ಕೆ ವೈರಸ್ಸಿನ ಮೂರು ಜೀನ್ ಹುಡುಕುತ್ತದೆ: ಓಆರ್‌ಎಫ್1ಎಬಿ, ಎನ್, ಎಸ್. ಪಾಸಿಟಿವ್ ಆದರೆ ಸ್ಕ್ರೀನ್ ಮೇಲೆ ಮೂರು ಗೆರೆಗಳೂ ಬಾಗಿ ಮೇಲೇರಬೇಕು. ಒಂದು ರಾತ್ರಿ ಪಾಳಿಯಲ್ಲಿ ಎರಡು ಗೆರೆ ಚೆನ್ನಾಗಿ ಎದ್ದವು, ಎಸ್ ಗೆರೆ ಮಾತ್ರ ನೆಲ ಬಿಟ್ಟು ಏಳಲಿಲ್ಲ. ಅದೇ ಸ್ಯಾಂಪಲ್ ಮತ್ತೆ ಹಾಕಿದೆವು, ಮತ್ತೆ ಅದೇ ಕಥೆ.

ಕಿಟ್ ಕೆಟ್ಟಿರಲಿಲ್ಲ. ಎಸ್ ಜೀನ್‌ನಿಂದ ಆಗುವ ಸ್ಪೈಕ್ ಪ್ರೋಟೀನಿನ (ವೈರಸ್ಸಿನ ಮೈಮೇಲಿನ ಮುಳ್ಳು) 69, 70ನೇ ಜಾಗದ ಎರಡು ಅಮೈನೋ ಆಮ್ಲಗಳು ಓಮಿಕ್ರಾನ್‌ನಲ್ಲಿ ಉದುರಿಹೋಗಿದ್ದವು. ಕಿಟ್ ಎಸ್ ಜೀನನ್ನು ಹಿಡಿಯುವುದು ಸರಿಯಾಗಿ ಅಲ್ಲೇ. ಡೆಲ್ಟಾದಲ್ಲಿ ಆ ತುಂಡು ಇತ್ತು. ಹಾಗಾಗಿ ಗೆರೆ ಮಲಗಿದರೆ ಓಮಿಕ್ರಾನ್ ಅನುಮಾನ, ಸ್ಯಾಂಪಲ್ ಸೀಕ್ವೆನ್ಸಿಂಗ್‌ಗೆ, ಅಂದರೆ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿಸಲು, ಹೋಗಬೇಕು. ಆದರೆ ಈ ಸುಳಿವು ಜಾಸ್ತಿ ದಿನ ನಡೆಯಲಿಲ್ಲ. ಮೊದಲು ಬಂದ ಓಮಿಕ್ರಾನ್ ಬಿಎ.1. ಅದರ ಹಿಂದೆಯೇ ಬಂದ ತಮ್ಮ ಬಿಎ.2ರಲ್ಲಿ ಆ ತುಂಡು ಉದುರಿರಲಿಲ್ಲ. ಎಸ್ ಗೆರೆ ಮತ್ತೆ ಎದ್ದಿತು, ಓಮಿಕ್ರಾನೇ ಆಗಿದ್ದರೂ! ಇದ್ಯಾಕೆ ಹೀಗೆ ಅಂತ ಹುಡುಕುವಾಗ ನೆಕ್ಸ್ಟ್‌ಸ್ಟ್ರೇನ್ ಸಿಕ್ಕಿತು. ಮರದಲ್ಲಿ ಬಿಎ.1, ಬಿಎ.2 ಅಕ್ಕಪಕ್ಕದ ಎರಡು ಕೊಂಬೆ. ಒಂದಕ್ಕೆ ಆ ಉದುರುವಿಕೆ ಇದೆ, ಇನ್ನೊಂದಕ್ಕೆ ಇಲ್ಲ.

ಎಡಗಡೆಯ ಆಯ್ಕೆಗಳಲ್ಲಿ ‘ಕ್ಲಾಕ್’ ಅಂತ ಒಂದಿದೆ, ಅದನ್ನು ಖಂಡಿತ ಒತ್ತಿ ನೋಡಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ಬದಲಾವಣೆಗಳ ಲೆಕ್ಕ. ಈ ವೈರಸ್ ಸುಮಾರಾಗಿ ತಿಂಗಳಿಗೆ ಎರಡು ಅಕ್ಷರ ಬದಲಿಸುತ್ತದೆ, ಚುಕ್ಕಿಗಳು ಹೆಚ್ಚುಕಡಿಮೆ ಒಂದು ಏರುಗೆರೆಯ ಸುತ್ತ ಕೂತಿರುತ್ತವೆ. ಓಮಿಕ್ರಾನ್ ಗುಂಪು ಮಾತ್ರ ಗೆರೆ ಬಿಟ್ಟು ಮೇಲಕ್ಕೆ ಜಿಗಿದಿರುತ್ತದೆ. ಮೂಲ ಹುಡುಕಿದರೆ ಡೆಲ್ಟಾಗೂ ಅದಕ್ಕೂ 2020ರಲ್ಲೇ ದಾರಿ ಬೇರೆಯಾಗಿದೆ. ‘ಡೆಲ್ಟಾ ರೂಪ ಬದಲಿಸಿ ಓಮಿಕ್ರಾನ್ ಆಯ್ತು’ ಅಂತ ಟೀವಿಯವರು ಹೇಳಿದ್ದನ್ನು ಒಂದು ನೋಟದಲ್ಲಿ ಸುಳ್ಳು ಮಾಡುವ ಚಿತ್ರ ಇದು.

ಜಿಗಿತ ನೋಡಿ ಹೆದರಬೇಕಾಗಿಯೂ ಇಲ್ಲ. 2023ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್, ಇಸ್ರೇಲ್‌ನಲ್ಲಿ ಬಿಎ.2.86 ಸಿಕ್ಕಾಗ ಸ್ಪೈಕ್ ಒಂದರಲ್ಲೇ ಬಿಎ.2ಗಿಂತ 30ಕ್ಕೂ ಜಾಸ್ತಿ ಬದಲಾವಣೆ. ಇನ್ನೊಂದು ಓಮಿಕ್ರಾನ್ ಬಂತು ಅಂತ ಗದ್ದಲ. ಮರದಲ್ಲಿ ನೋಡಿದರೆ ಉದ್ದ ಕಡ್ಡಿ, ತುದಿಯಲ್ಲಿ ನಾಲ್ಕಾರು ಚುಕ್ಕಿ, ಅಷ್ಟೇ. ಆಮೇಲೆ ಆ ಕಡ್ಡಿಗೆ ಎಲ್455ಎಸ್ ಅನ್ನುವ ಒಂದೇ ಒಂದು ಸ್ಪೈಕ್ ಬದಲಾವಣೆ ಸೇರಿ ಜೆಎನ್.1 ಆಯಿತು ನೋಡಿ, ಅದು ಪೊದೆಯಾಯಿತು. ಆ ಡಿಸೆಂಬರಿನಲ್ಲಿ ಕೇರಳದಲ್ಲಿ ಪತ್ತೆಯಾಯಿತು. ನಮ್ಮ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 60 ದಾಟಿದವರು ಮಾಸ್ಕ್ ಹಾಕಿ ಅಂದರು. 2024ರ ಶುರುವಿಗೆ ಜಗತ್ತಿನ ತುಂಬ ಅದೇ.

ಹಾಗಾಗಿ ಈಗ ನಾನು ಹೆಸರು ನೋಡುವುದಿಲ್ಲ. ಒಂದೆರಡು ವಾರ ಬಿಟ್ಟು ಮತ್ತೆ ತೆರೆದಾಗ ಕೊಂಬೆ ದಪ್ಪವಾಗಿದೆಯಾ, ಬೇರೆ ಬೇರೆ ದೇಶದ ಚುಕ್ಕಿ ಸೇರಿವೆಯಾ, ಅಷ್ಟು ನೋಡುತ್ತೇನೆ. 2025ರ ಮೇ ತಿಂಗಳಲ್ಲಿ ಎನ್‌ಬಿ.1.8.1, ಎಲ್‌ಎಫ್.7 ಅಂತ ಸುದ್ದಿ ಬಂದಾಗ ಲ್ಯಾಬ್‌ಗೆ ಬಂದ ಒಬ್ಬರು ಅಜ್ಜಿ, "ಇದ್ಯಾವ್ದವ್ವ ಹೊಸಾದು, ಬಸ್ ನಂಬರ್ ಇದ್ದಂಗೈತೆ" ಅಂದರು. ಎರಡೂ ಜೆಎನ್.1 ಮನೆತನದವೇ ಅಜ್ಜಿ, ಸಕ್ಕರೆ ಕಾಯಿಲೆ ಇದೆಯಲ್ಲ, ಜನ ಸೇರೋ ಕಡೆ ಮಾಸ್ಕ್ ಹಾಕ್ಕೊಳ್ಳಿ ಅಂದೆ. ಈ ತಾಣದಿಂದ ನನಗೆ ಆಗುವ ಉಪಯೋಗ ಇಷ್ಟೇ. ಕಡಿಮೆಯೇನಲ್ಲ ಅಲ್ವಾ?

ಕೊರತೆಗಳೂ ಇವೆ. ಮರದಲ್ಲಿ ಕಾಣುವುದು ಆರಿಸಿ ತೆಗೆದ ಕೆಲವು ಸಾವಿರ ಜೀನೋಮ್ ಮಾತ್ರ. ಭೂಪಟದ ವೃತ್ತ ದೊಡ್ಡದಿದೆ ಅಂತ ಅಲ್ಲಿ ಕೇಸು ಜಾಸ್ತಿ ಅಂದುಕೊಂಡರೆ, ಜಾತ್ರೆಯಲ್ಲಿ ನೂರು ಜನರ ಫೋಟೋ ತೆಗೆದು ಜಾತ್ರೆಗೆ ನೂರೇ ಜನ ಬಂದಿದ್ದರು ಅಂದ ಹಾಗೆ. ಸ್ವ್ಯಾಬ್ ತೆಗೆದ ದಿನಕ್ಕೂ ಜೀನೋಮ್ ಮರಕ್ಕೆ ಏರುವ ದಿನಕ್ಕೂ ವಾರಗಳ ಅಂತರ ಇರುತ್ತದೆ. ಮರದ ಬಲತುದಿ, ಅಂದರೆ ಇತ್ತೀಚಿನ ದಿನಗಳ ಭಾಗ, ಯಾವಾಗಲೂ ತೆಳ್ಳಗೆ, ಅಲೆ ಇಳೀತು ಅಂತ ಖುಷಿಪಡಬೇಡಿ. ಸೀಕ್ವೆನ್ಸಿಂಗ್ ಜಾಸ್ತಿ ಮಾಡುವ ದೇಶದ್ದು ಜಾಸ್ತಿ ಕಾಣುತ್ತದೆ, ಮಾಡದ ದೇಶದ್ದು ಕಾಣುವುದೇ ಇಲ್ಲ. ಹೆಸರುಗಳ ಗೋಜಲು ಬೇರೆ. ಎಲ್ಲರೂ ಜೆಎನ್.1 ಅನ್ನುವುದಕ್ಕೆ ಇಲ್ಲಿ 24ಎ ಅಂತ ಇನ್ನೊಂದು ಹೆಸರು. ಕನ್ನಡವೂ ಇಲ್ಲ. ಫೋನಿನ ಪರದೆಗೆ ಮರ ಹಿಡಿಸುವುದಿಲ್ಲ, ಕಂಪ್ಯೂಟರ್ ಇದ್ದರೆ ಅದರಲ್ಲೇ ನೋಡಿ.

ಅಲೆ ಏಳುತ್ತಿದೆಯಾ ಅನ್ನುವ ಪ್ರಶ್ನೆಗೆ ಚರಂಡಿ ನೀರಿನ ಪರೀಕ್ಷೆಯೇ ವಾಸಿ. ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ನೀರು ತೆಗೆದು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿಯವರು ಈ ಕೆಲಸ ಮಾಡಿದ್ದಾರೆ. ಅಲ್ಲಿ ಯಾರೂ ಟೆಸ್ಟ್‌ಗೆ ಬರಬೇಕಾಗಿಲ್ಲ, ಶೌಚಾಲಯಕ್ಕೆ ಹೋದರೆ ಸಾಕು.

ನೆಕ್ಸ್ಟ್‌ಸ್ಟ್ರೇನ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಲ್ಯಾಬ್‌ನವರು, ಬಯಾಲಜಿ ಮೇಷ್ಟ್ರುಗಳು, ಪಿಯುಸಿ ವಿಜ್ಞಾನದ ಮಕ್ಕಳು ಒಂದು ಸಲ ಕೂತು ನೋಡಲೇಬೇಕು. ಶುರುವಿಗೆ ಪೂರ್ತಿ ಜಗತ್ತಿನ ಮರ ಬೇಡ. ಏಷ್ಯಾ ಆರಿಸಿ, ಆರು ತಿಂಗಳಿನದ್ದು ಇಡಿ, ಬಣ್ಣವನ್ನು ದೇಶದ ಮೇಲೆ ಹಾಕಿ. ಆಮೇಲೆ ಪ್ಲೇ ಒತ್ತಿ.