ಶೇಂಗಾ ಹಿಂಡಿಗೆ ಯಾವ ವೈನ್? ನಮ್ಮ ಮಾಳಿಗೆ ಪಾರ್ಟಿಯ ಬಾಟಲಿಗಳು

ಹೋದ ಡಿಸೆಂಬರಿನಲ್ಲಿ ನಮ್ಮ ಯಜಮಾನರಿಗೆ 50 ತುಂಬಿತು. ಸೊಲ್ಲಾಪುರದ ಮನೆ ಮಾಳಿಗೆ ಮೇಲೆ 14 ಮಂದಿ ಸೇರುವುದು ಅಂತಾಯಿತು. ಊಟ ತಡವಾಗಲಿ, ಮೊದಲು ತಿಂಡಿ ಮತ್ತು ವೈನ್ ಇರಲಿ ಅಂತ ಮೈದುನ ಹಟ ಹಿಡಿದ. ತಿಂಡಿ ಹೇಗೂ ನನ್ನ ಕೆಲಸ. ವೈನ್ ಆರಿಸುವುದನ್ನೂ ನಾನೇ ಕೇಳಿ ತೆಗೆದುಕೊಂಡೆ.

ಕಾರಣ ಇತ್ತು. ಅದಕ್ಕೂ ಮೊದಲು ಪರಿಚಯದವರ ಮನೆಯಲ್ಲಿ ಗಟ್ಟಿ ಕೆಂಪು ವೈನ್ ಕೊಟ್ಟು, ಪಕ್ಕದಲ್ಲೇ ಶೇಂಗಾ ಹಿಂಡಿ (ಕುಟ್ಟಿ ಮಾಡುವ ಖಾರದ ಶೇಂಗಾ ಚಟ್ನಿ), ಖಡಕ್ ರೊಟ್ಟಿ ಇಟ್ಟಿದ್ದರು. ಎರಡೂ ಒಳ್ಳೆಯವೇ. ಆದರೆ ಒಂದು ತುತ್ತು, ಒಂದು ಗುಟುಕು ಆಗುವಷ್ಟರಲ್ಲಿ ನಾಲಿಗೆ ಉರಿಯತೊಡಗಿತು. ಆಲ್ಕೋಹಾಲ್ ಖಾರವನ್ನು ಏರಿಸುತ್ತದೆ. ಕೆಂಪು ವೈನಿನಲ್ಲಿ ಟ್ಯಾನಿನ್ ಇರುತ್ತದೆ, ಹಸಿ ಅಡಿಕೆ ಕಚ್ಚಿದಾಗಿನ ಒಗರು ಅಂತಾರಲ್ಲ, ಅದೇ. ಉರಿ, ಒಗರು ಎರಡೂ ಸೇರಿದರೆ ಬಾಯಿ ಒಣಗಿಹೋಗುತ್ತದೆ.

ಹಾಗಾಗಿ ಈ ಸಲ ವಾರ ಮೊದಲೇ ಒಂದೊಂದು ಬಾಟಲಿ ತಂದು, ತಿಂಡಿಯ ವಾಟಿಗಳನ್ನು ಸಾಲಾಗಿಟ್ಟು, ನಾನೂ ಯಜಮಾನರೂ ಎರಡು ಸಂಜೆ ಕೂತು ನೋಡಿದೆವು.

ಮೊದಲು ಫ್ರಾಟೆಲ್ಲಿ ಅನ್ನುವ ವೈನ್ ಕಂಪನಿ. ಇದು ನಮ್ಮ ಜಿಲ್ಲೆಯದೇ. ಪಂಢರಪುರ ದಾಟಿ ಹೋದರೆ ಸಿಗುವ ಅಕಲೂಜದ್ದು. ಇಟಲಿಯ ಸೆಚ್ಚಿ, ದಿಲ್ಲಿಯ ಸೇಖ್ರಿ, ಅಕಲೂಜದ ಮೋಹಿತೆ-ಪಾಟೀಲ ಮನೆತನದ ಅಣ್ಣತಮ್ಮಂದಿರು ಸೇರಿ ಶುರು ಮಾಡಿದ್ದು. ಹೆಸರಿಗೂ ಇಟಾಲಿಯನ್ನಿನಲ್ಲಿ ಅಣ್ಣತಮ್ಮಂದಿರು ಅಂತಲೇ ಅರ್ಥ. ಕಬ್ಬಿನ ಸೀಮೆಯಲ್ಲಿ ಇಂಥ ದ್ರಾಕ್ಷಿ ಬೆಳೆದರಲ್ಲ ಅಂತ ನನಗೆ ಹೆಮ್ಮೆ ಇದೆ.

ಅವರ ಸಾವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ತೆಗೆದು ಕೋಥಿಂಬಿರಿ ವಡಿ ಜೊತೆ ಇಟ್ಟೆ. ಈ ದ್ರಾಕ್ಷಿಯ ವೈನಿಗೆ ಹಸಿರು ವಾಸನೆ ಜಾಸ್ತಿ. ಗ್ಲಾಸಿಗೆ ಮೂಗು ಹಿಡಿದರೆ ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿ, ಹುಲ್ಲು, ಸ್ವಲ್ಪ ನಿಂಬೆ. ಕೊತ್ತಂಬರಿಯೂ ಅದೇ ಬಳಗದ್ದು, ಅಲ್ವಾ? ವಡಿಯ ಎಣ್ಣೆಯನ್ನು ವೈನಿನ ಹುಳಿ ತೊಳೆದುಬಿಡುತ್ತದೆ, ಮತ್ತೊಂದು ವಡಿಗೆ ಕೈ ತಾನಾಗಿ ಹೋಗುತ್ತದೆ. ಪನೀರ್ ಟಿಕ್ಕಾಗೂ ಇದೇ ಸಾಕು, ಪುದೀನಾ ಚಟ್ನಿ ಇದ್ದರಂತೂ ಬೇರೆ ಏನೂ ಹುಡುಕಬೇಡಿ.

ಉಳ್ಳಾಗಡ್ಡಿ ಭಜಿಗೆ ನಾಸಿಕದ ಸುಲಾ ಕಂಪನಿಯ ಬ್ರೂಟ್. ಗುಳ್ಳೆ ಏಳುವ ವೈನ್, ಬ್ರೂಟ್ ಅಂದರೆ ಸಿಹಿ ಬಹಳ ಕಡಿಮೆ. ಕರಿದ ತಿಂಡಿಗೆ ಇದನ್ನು ಮೀರಿಸುವುದು ನನಗೆ ಕಾಣಲಿಲ್ಲ. ಮಿರ್ಚಿ ಭಜಿಗೆ ಮಾತ್ರ ಬೇಡ, ಗುಳ್ಳೆ ಖಾರವನ್ನು ಚುಚ್ಚಿ ಎಬ್ಬಿಸುತ್ತದೆ. ತೆರೆಯುವಾಗ ಬಿರಡೆಯನ್ನು ಹಿಡಿದುಕೊಂಡು ಬಾಟಲಿಯನ್ನು ನಿಧಾನಕ್ಕೆ ತಿರುಗಿಸಿ. ಬಿರಡೆ ಹಾರಿಸುವ ಉಮೇದು ಬೇಡ, ಯಾರದಾದರೂ ಕಣ್ಣಿಗೆ ಬಡಿಯುತ್ತದೆ.

ಖೀಮಾ ಉಂಡೆಗೆ ಫ್ರಾಟೆಲ್ಲಿಯ ಸಾಂಜೊವೇಸೆ ಒಪ್ಪಿತು. ಕೆಂಪೇ, ಆದರೆ ಹುಳಿ ಚೆನ್ನಾಗಿದೆ. ಕೊಡುವ 15 ನಿಮಿಷ ಮೊದಲು ಫ್ರಿಜ್ಜಿನಲ್ಲಿಡಿ.

ಇನ್ನು ಶೇಂಗಾ ಹಿಂಡಿ. ನಮ್ಮ ಮನೆಯಲ್ಲಿ ಇದಕ್ಕೆ ಮಿಕ್ಸರ್ ಇಲ್ಲ. ಹುರಿದ ಶೇಂಗಾ, ಬಳ್ಳೊಳ್ಳಿ, ಖಾರಪುಡಿ, ಉಪ್ಪು ಹಾಕಿ ಒರಳಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಬೇಕು. ಪುಡಿ ಹೋಗಿ ಮೆತ್ತಗೆ ಉಂಡೆಕಟ್ಟುತ್ತದೆ, ಬೆರಳಿಗೆ ಕೆಂಪು ಎಣ್ಣೆ ಅಂಟುತ್ತದೆ. ಆ ಖಾರಕ್ಕೆ ಸಾವಿನ್ಯೋ ಸೋತಿತು, ಬ್ರೂಟ್ ಸೋತಿತು. ಕೊನೆಗೆ ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಸಣ್ಣ ಬಾಟಲಿ ತೆಗೆದೆ. ದ್ರಾಕ್ಷಿಯನ್ನು ತಡವಾಗಿ ಕೊಯ್ದು ಮಾಡುವ ವೈನ್ ಇದು. ಬಳ್ಳಿಯಲ್ಲೇ ನೀರಿನಂಶ ಇಳಿದು ಸಕ್ಕರೆ ಗಟ್ಟಿಯಾಗಿರುತ್ತದೆ. ಊಟದ ಕೊನೆಗೆ ಸಿಹಿ ತಿನಿಸಿನ ಜೊತೆ ಕೊಡುವ ರೂಢಿ. ನಾನು ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದು, ಮೇಲೆ ಒಂದು ಗುಟುಕು ಕುಡಿದೆ. ಖಾರ ಹತ್ತಿದಾಗ ಬೆಲ್ಲದ ಚೂರು ಬಾಯಿಗಿಟ್ಟ ಹಾಗೆ! ಉರಿ ಇಳಿಯಿತು, ಬಳ್ಳೊಳ್ಳಿಯ ರುಚಿ, ಶೇಂಗಾದ ಹುರಿದ ವಾಸನೆ ಹಾಗೇ ಉಳಿದವು. ಮಿರ್ಚಿ ಭಜಿಗೂ ಇದೇ. ಅಳತೆಗೆ ಹೋಲಿಸಿದರೆ ದುಬಾರಿ, ಆದರೆ ಒಬ್ಬರಿಗೆ ಅರ್ಧ ಗ್ಲಾಸೂ ಬೇಕಾಗುವುದಿಲ್ಲ.

ಲೆಕ್ಕ ಸುಲಭ. 750 ಮಿಲಿ ಬಾಟಲಿಗೆ 150 ಮಿಲಿಯಂತೆ 5 ಗ್ಲಾಸ್. ನಮ್ಮಲ್ಲಿ ಕುಡಿಯುವವರು 12 ಜನ, ತಿಂಡಿ ಹೊತ್ತಿಗೆ ತಲಾ ಎರಡು ಗ್ಲಾಸ್, ಹಾಗಾಗಿ ದೊಡ್ಡ ಬಾಟಲಿ 5, ಸಣ್ಣದು 1 ತಂದೆ. ಬಿಳಿ ವೈನ್ 8–10 ಡಿಗ್ರಿ ಇದ್ದರೆ ಚೆಂದ. ಫ್ರಿಜ್ಜಿನಲ್ಲಿ ಜಾಗ ಇಲ್ಲದಿದ್ದರೆ ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ, 20 ನಿಮಿಷ ಸಾಕು. ಬರೀ ಐಸಿಗಿಂತ ಇದು ಬೇಗ.

ಕೊಳ್ಳುವಾಗ ಅಂಗಡಿಯನ್ನೂ ನೋಡಿ. ಹಿಂದೊಮ್ಮೆ ಬಿಸಿಲು ಬೀಳುವ ಗಾಜಿನ ಕಪಾಟಿನಿಂದ ತಂದ ಬಾಟಲಿ ಬೇಯಿಸಿದ ಹಣ್ಣಿನ ವಾಸನೆ ಹೊಡೆಯುತ್ತಿತ್ತು. ನಮ್ಮ ಊರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಒಳಗೆ ತಂಪಿನಲ್ಲಿ ಇಟ್ಟಿದ್ದನ್ನೇ ಕೇಳಿ ತೆಗೆದುಕೊಳ್ಳಿ.

ಪಾರ್ಟಿ ದಿನ ಕಾಕಾ ಮೊದಲು "ಸಿಹಿ ವೈನ್ ನನಗ ಬ್ಯಾಡ" ಅಂದರು. ಹಿಂಡಿ ತಿಂದು ಕಣ್ಣಲ್ಲಿ ನೀರು ಬಂದಾಗ ನಾನೇ ಎರಡು ಗುಟುಕು ಹಾಕಿ ಕೊಟ್ಟೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ತಾಟು ಮುಂದೆ ಹಿಡಿದು, "ಖಾರ ಇಳೀತು ನೋಡವ್ವಾ. ಇನ್ನೊಂದು ರೊಟ್ಟಿ ತಾ" ಅಂದರು. ಆ ಸಣ್ಣ ಬಾಟಲಿಯೇ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಮುಂದಿನ ಸಲ ಎರಡು ತರುತ್ತೇನೆ.