ಸೋಲಿಗೆ ಬಗ್ಗದವರ ಕಾದಂಬರಿ ಬೇಕೆಂದರೆ ನಂಜಮ್ಮನಿಂದ ಶುರು ಮಾಡಿ

ಎಷ್ಟೇ ಪೆಟ್ಟು ಬಿದ್ದರೂ ಎದ್ದು ನಿಲ್ಲುವವರ ಕಾದಂಬರಿ ಯಾವುದು ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವುದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ಈಚೆಗೆ ಇನ್ನೂ ನಾಲ್ಕು ಪುಸ್ತಕಗಳನ್ನು ಅದರ ಪಕ್ಕದಲ್ಲಿಟ್ಟು ಓದಿದೆ. ಎರಡು ಕನ್ನಡದವು, ಎರಡು ಹದಿಹರೆಯದವರಿಗೆಂದು ಬರೆದ ಇಂಗ್ಲಿಷ್ ಫ್ಯಾಂಟಸಿಗಳು. ಈಗಲೂ ನನ್ನ ಮಾತು ಬದಲಾಗಿಲ್ಲ.

ಓದಿಗೆ ಕಾರಣ ಅಕ್ಕನ ಮಗಳು. ನೀಟ್‌ನಲ್ಲಿ ಸೀಟು ಸಿಗದೆ ಇನ್ನೊಂದು ವರ್ಷ ಓದಲು ಮನೆಯಲ್ಲೇ ಕೂತಿದ್ದಾಳೆ. "ಚಿಕ್ಕಮ್ಮ, ಬುದ್ಧಿ ಹೇಳೋ ಪುಸ್ತಕ ತರಬೇಡ. ಕಥೆ ಕೊಡು" ಎಂದಳು. ನ್ಯಾಯವಾದ ಮಾತು. ಅವಳಿಗೆ ಕೊಡುವ ಮೊದಲು ಒಂದೊಂದನ್ನೂ ನಾನು ಓದಿದೆ. ನನ್ನ ಓದೆಲ್ಲ ಆಫೀಸಿನ ಬಸ್ಸಿನಲ್ಲಿ. ಪುಸ್ತಕಕ್ಕೆಂದು ತಿಂಗಳಿಗೆ ತೆಗೆದಿಡುವುದು 600 ರೂಪಾಯಿ. ನನ್ನ ತೀರ್ಪಿನಲ್ಲಿ ಈ ಎರಡಕ್ಕೂ ಪಾಲಿದೆ.

ಓದುವಾಗ ನಾನು ನೋಡಿದ್ದು ಒಂದೇ ವಿಷಯ. ಪೆಟ್ಟು ಬಿದ್ದ ಮರುದಿನ ಈ ಮನುಷ್ಯರು ಏನು ಮಾಡುತ್ತಾರೆ? ಯುದ್ಧದ ದಿನ ಧೈರ್ಯ ತೋರಿಸುವವರು ಕಥೆಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮಾರನೆಯ ಬೆಳಗ್ಗೆ ಎದ್ದು ಒಲೆ ಹಚ್ಚುವವರು ಕಡಿಮೆ. ಒಂದು ವರ್ಷ ಅದೇ ಪುಸ್ತಕಗಳ ಮುಂದೆ ಮತ್ತೆ ಕೂರಬೇಕಾದ ಹುಡುಗಿಗೆ ಬೇಕಾಗಿರುವುದು ಇಂಥವರು, ಅಲ್ವಾ? ಮುಂದೆ ಕಥೆಗಳನ್ನು ಅಲ್ಲಲ್ಲಿ ಬಿಟ್ಟುಕೊಟ್ಟಿದ್ದೇನೆ. ಬೇಡದವರು ಕೊನೆಯ ಎರಡು ಪ್ಯಾರಾ ಓದಿದರೆ ಸಾಕು.

‘ಗೃಹಭಂಗ’ ಬಂದದ್ದು 1970ರಲ್ಲಿ. ಕಥೆ ಅದಕ್ಕಿಂತ ಹಿಂದಿನದು, ಪ್ಲೇಗು ಬಂದರೆ ಊರಿಗೆ ಊರೇ ಖಾಲಿಯಾಗಿ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದ್ದು. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳು. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವವನು. ಕೆಲಸ ಬಾರದು, ಊಟ ಮಾತ್ರ ಜೋರು. ಅತ್ತೆ ಗಂಗಮ್ಮ ಬಾಯಿ ತೆರೆದರೆ ಬೈಗುಳ. ಇದ್ದ ಜಮೀನು ಕೈಬಿಟ್ಟು ಹೋಗುತ್ತದೆ. ಆಗ ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆಯುವುದನ್ನು ತಾನೇ ಕಲಿಯುತ್ತಾಳೆ. ಲೆಕ್ಕ ಬರೆಯುವವಳು ಇವಳು, ಅದಕ್ಕೆ ಸಿಗುವ ಸಂಬಳ, ಪೋಟಗಿ ಹಣ, ಎಣಿಸಿಕೊಳ್ಳುವವನು ಅವನು. ಅದು ಸಾಲದೆಂದು ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ, ಊಟದ ಎಲೆ ಹಚ್ಚಿ ಮಾರುತ್ತಾಳೆ.

ಈ ಎಲೆ ಹಚ್ಚುವ ಕೆಲಸ ಪುಸ್ತಕದುದ್ದಕ್ಕೂ ಬರುತ್ತದೆ. ಮನೆಯಲ್ಲಿ ಜಗಳವಾದರೂ ಎಲೆ, ಸಾಲಗಾರ ಬಂದು ಹೋದರೂ ಎಲೆ. ಮಗಳು ಪಾರ್ವತಿ, ದೊಡ್ಡ ಮಗ ರಾಮಣ್ಣ ಪ್ಲೇಗಿಗೆ ಹೋಗುತ್ತಾರೆ. ಚಿಕ್ಕವನು ವಿಶ್ವ ಉಳಿಯುತ್ತಾನೆ. ಅವನಿಗಾಗಿ ಮತ್ತೆ ಬದುಕಬೇಕು. ಭೈರಪ್ಪನವರು ಇದನ್ನು ಎತ್ತರದ ದನಿಯಲ್ಲಿ ಹೇಳುವುದೇ ಇಲ್ಲ. ಅವರ ತಾಯಿ, ಒಡಹುಟ್ಟಿದವರು ಪ್ಲೇಗಿನಲ್ಲೇ ತೀರಿಕೊಂಡರು, ಅದೂ ಅವರು ಚಿಕ್ಕವರಿದ್ದಾಗ. ಇದು ಗೊತ್ತಿದ್ದು ಓದಿದರೆ ಆ ತಣ್ಣನೆಯ ದನಿ ಇನ್ನೂ ಹೆಚ್ಚು ನಾಟುತ್ತದೆ.

ಎರಡು ತೊಡಕಿವೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಆ ಹಳ್ಳಿಯ ಮಾತು ತಕ್ಷಣ ಬಾಯಿಗೆ ಬರುವುದಿಲ್ಲ. ಮೊದಲ ಕೆಲವು ಪುಟ ನಾನೇ ಫೋನಿನಲ್ಲಿ ಓದಿ ಹೇಳಿದೆ, ಆಮೇಲೆ ಅವಳೇ ಹಿಡಿದುಕೊಂಡಳು. ಗಂಗಮ್ಮನ ಬೈಗುಳಕ್ಕೆ ಅಕ್ಕ ಮುಖ ಸಿಂಡರಿಸಿದಳು, ಮಗಳು ನಕ್ಕಳು. ಇನ್ನೊಂದು ತೊಡಕು ಕೊನೆ. ನಂಜಮ್ಮನೂ ಉಳಿಯುವುದಿಲ್ಲ. ಅಲ್ಲಿಗೆ ಬಂದ ರಾತ್ರಿ ಹುಡುಗಿ ಫೋನ್ ಮಾಡಿ, "ಇಷ್ಟೆಲ್ಲ ಮಾಡಿ ಸತ್ತೇ ಹೋದ್ಲಲ್ಲ, ಇದನ್ಯಾಕೆ ಕೊಟ್ಟೆ ನಂಗೆ?" ಎಂದು ಸಿಟ್ಟು ಮಾಡಿದಳು. ನನ್ನ ಉತ್ತರ ಇಷ್ಟೇ ಆಗಿತ್ತು: ಗೆಲ್ಲುತ್ತೇನೆ ಎಂಬ ಖಾತ್ರಿ ಇದ್ದಾಗ ಗಟ್ಟಿಯಾಗಿರುವುದು ಸುಲಭ. ನಂಜಮ್ಮನಿಗೆ ಅಂಥ ಖಾತ್ರಿ ಒಂದು ದಿನವೂ ಇರಲಿಲ್ಲ. ಆದರೂ ದಿನದ ಕೆಲಸ ಬಿಡಲಿಲ್ಲ. ಹುಡುಗಿ ಒಪ್ಪಲಿಲ್ಲ. ಆದರೆ ಕೊನೆಯವರೆಗೂ ಓದಿದಳು, ವಿಶ್ವನನ್ನು ಊರಿನ ಜಂಗಮ ಮಾದೇವಯ್ಯನವರು ಎಲ್ಲಿಗೆ ಕರೆದುಕೊಂಡು ಹೋಗಿರಬಹುದು ಎಂದು ಕೇಳಿದಳು.

ಈಗ ನನಗೆ ಅತಿ ಹೆಚ್ಚು ಕಿರಿಕಿರಿ ಕೊಟ್ಟ ಪುಸ್ತಕ: ಟೋಮಿ ಅಡೆಯೆಮಿ ಅವರ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’. ಬರೆದವರು ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ. 2018ರಲ್ಲಿ ಬಂತು. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವತೆಗಳನ್ನು ಇಟ್ಟುಕೊಂಡು ಕಟ್ಟಿದ ಓರಿಷಾ ಎಂಬ ನಾಡು. ರಾಜ ಸರಾನ್ ಮಾಂತ್ರಿಕರನ್ನು ಕೊಲ್ಲಿಸಿದ್ದಾನೆ, ಅವರಲ್ಲಿ ಜೆಲೀ ಎಂಬ ಹುಡುಗಿಯ ತಾಯಿಯೂ ಒಬ್ಬಳು. ಹೋದ ಮಾಯಾಶಕ್ತಿಯನ್ನು ಮರಳಿ ತರಲು ಜೆಲೀ, ಅವಳ ಅಣ್ಣ, ಅರಮನೆಯಿಂದ ಓಡಿಬಂದ ರಾಜಕುಮಾರಿ ಅಮಾರಿ ಹೊರಡುತ್ತಾರೆ. ಹಿಂದೆ ರಾಜಕುಮಾರ ಇನಾನ್ ಬೆನ್ನಟ್ಟುತ್ತಾನೆ. ಕಥೆ ಚೆನ್ನಾಗಿದೆ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಜನರ ನೋವು ಇದರ ಹಿಂದೆ ಇದೆ ಎಂದು ಲೇಖಕಿಯೇ ಪುಸ್ತಕದ ಕೊನೆಯಲ್ಲಿ ಬರೆದಿದ್ದಾರೆ.

ಕಿರಿಕಿರಿ ಏನೆಂದರೆ, ಕಥೆ ಹೇಳುವವರು ಮೂವರು. ಒಂದು ಅಧ್ಯಾಯ ಜೆಲೀ, ಒಂದು ಅಮಾರಿ, ಒಂದು ಇನಾನ್. ಮೂವರೂ ‘ನಾನು’ ಎಂದೇ ಹೇಳುತ್ತಾರೆ, ಎಲ್ಲವೂ ಈಗ ನಡೆಯುತ್ತಿರುವ ಹಾಗೆ. ಯಾರ ಸರದಿ ಎಂಬುದು ಅಧ್ಯಾಯದ ತಲೆಯಲ್ಲಿ ಮಾತ್ರ ಇರುತ್ತದೆ. ಮನೆಯಲ್ಲಿ ಕೂತು ಒಂದೇ ಸಮನೆ ಓದುವವರಿಗೆ ಇದು ತೊಂದರೆ ಕೊಡಲಿಕ್ಕಿಲ್ಲ. ನಾನು ಬಸ್ ಸ್ಟಾಪ್ ಬಂದ ಕೂಡಲೇ ಎಲ್ಲಿದ್ದೆನೋ ಅಲ್ಲೇ ಗುರುತು ಇಟ್ಟು ಇಳಿಯುವವಳು. ಸಂಜೆ ಮತ್ತೆ ತೆರೆದರೆ ಯಾರೋ ಓಡುತ್ತಿದ್ದಾರೆ, ಎದೆ ಹೊಡೆದುಕೊಳ್ಳುತ್ತಿದೆ, ಕಣ್ಣಲ್ಲಿ ನೀರು. ಯಾರು? ಗೊತ್ತಾಗುವುದಿಲ್ಲ. ಹಿಂದಕ್ಕೆ ತಿರುಗಿಸು, ಅಧ್ಯಾಯದ ತಲೆ ಹುಡುಕು, ಓ ಇದು ಇನಾನ್.

ಮೂವರ ದನಿಯೂ ಬೇರೆ ಬೇರೆ ಇದ್ದಿದ್ದರೆ ಹೆಸರು ನೋಡುವ ಅಗತ್ಯವೇ ಇರುತ್ತಿರಲಿಲ್ಲ. ಅರಮನೆಯಲ್ಲಿ ಬೆಳೆದ ಅಂಜುಬುರುಕಿ ಹುಡುಗಿ, ಮೀನುಗಾರರ ಹಳ್ಳಿಯ ಮುಂಗೋಪಿ, ಅಪ್ಪನಿಗೆ ಹೆದರುವ ಸೇನೆಯ ಹುಡುಗ. ಇವರ ಮಾತು ಒಂದೇ ಥರ ಇರಲು ಹೇಗೆ ಸಾಧ್ಯ? ಅಮಾರಿಯ ಅಧ್ಯಾಯಗಳು ಸ್ವಲ್ಪ ಮೆದು, ನಿಜ. ಉಳಿದ ಇಬ್ಬರ ಸಿಟ್ಟು, ಭಯ, ಉಸಿರುಗಟ್ಟುವುದು ಎಲ್ಲ ಒಂದೇ ಅಚ್ಚು. ಕೊನೆಗೆ ನಾನು ಗುರುತಿನ ಚೀಟಿಯ ಮೇಲೆ ಪೆನ್ಸಿಲಿನಿಂದ ‘ಜೆ’, ‘ಅ’, ‘ಇ’ ಎಂದು ಬರೆದುಕೊಂಡು ಓದಿದೆ. ಪಾತ್ರದ ಗಟ್ಟಿತನ ನೋಡಲು ಹೊರಟವಳಿಗೆ ಇದು ಸಣ್ಣ ವಿಷಯ ಅಲ್ಲ. ಯಾರ ನೋವು ಎಂದು ಹುಡುಕಬೇಕಾದರೆ ಆ ನೋವು ಒಳಗೆ ಇಳಿಯುವುದಿಲ್ಲ.

ಅದರ ಮೇಲೆ ಇದು ಮೂರು ಪುಸ್ತಕಗಳ ಸರಣಿ. ಎರಡನೆಯದು 2019ರಲ್ಲಿ ಬಂತು, ಮೂರನೆಯದು 2024ರಲ್ಲಿ. ಮೊದಲನೆಯದು ಮುಗಿಯುವುದು ಇನ್ನೇನು ಆಗುತ್ತದೋ ಎನ್ನುವ ಜಾಗದಲ್ಲಿ. ಹಾಗಾಗಿ ಒಂದು ಕೊಂಡವರು ಉಳಿದ ಎರಡನ್ನೂ ಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಒಂದೇ ಕಥೆಗೆ ತಿಂಗಳುಗಟ್ಟಲೆ ದುಡ್ಡು. ಅದೇ ದುಡ್ಡಿಗೆ ಕನ್ನಡದ ಪುಸ್ತಕಗಳು ಜಾಸ್ತಿ ಬರುತ್ತವೆ. ಜೆಲೀ ಶತ್ರುವಿನ ಮಗನಿಗೆ ಅಷ್ಟು ಬೇಗ ಮನಸ್ಸು ಕೊಡುವುದೂ ನನಗೆ ಹಿಡಿಸಲಿಲ್ಲ.

ಆದರೂ ಮರುದಿನದ ಪರೀಕ್ಷೆಯಲ್ಲಿ ಜೆಲೀ ಒಂದು ಕಡೆ ಪಾಸಾಗುತ್ತಾಳೆ. ರಾಜನ ಜನ ಅವಳನ್ನು ಹಿಡಿದು ಬೆನ್ನ ಮೇಲೆ ಬೈಗುಳದ ಮಾತನ್ನು ಚಾಕುವಿನಿಂದ ಕೆತ್ತುತ್ತಾರೆ. ಅಲ್ಲಿಂದ ತಪ್ಪಿಸಿಕೊಂಡ ಮೇಲೆ ಅವಳೊಳಗಿನ ಶಕ್ತಿ ಎದ್ದು ಬರುವುದೇ ಇಲ್ಲ. ಅದನ್ನು ಜೊತೆಯವರಿಗೆ ಹೇಳಲೂ ಆಗದೆ ಮುಂದಕ್ಕೆ ನಡೆಯುತ್ತಾಳೆ. ಆ ಪುಟಗಳು ನಿಜಕ್ಕೂ ಗಟ್ಟಿ. ಇಡೀ ಪುಸ್ತಕ ಹಾಗೇ ಇರಬೇಕಿತ್ತು.

ಫ್ಯಾಂಟಸಿಯೇ ಬೇಕು ಎನ್ನುವವರಿಗೆ ನಾನು ಕೊಡುವುದು ಅರ್ಸುಲಾ ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’. 1971ರದ್ದು. ಅರ್ತ್‌ಸೀ ಸರಣಿಯ ಎರಡನೆಯ ಪುಸ್ತಕ, ಆದರೆ ಮೊದಲನೆಯದು ಓದದಿದ್ದರೂ ಏನೂ ತೊಂದರೆಯಿಲ್ಲ. ತೆಳ್ಳಗಿದೆ, ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ನಿಲ್ಲಬಹುದು.

ಟೆನಾರ್‌ಳನ್ನು ಸುಮಾರು ಐದು ವರ್ಷಕ್ಕೇ ಮನೆಯಿಂದ ಕರೆದೊಯ್ದು, ಸತ್ತ ಪೂಜಾರಿಣಿಯೇ ಮತ್ತೆ ಹುಟ್ಟಿದ್ದಾಳೆ ಎಂದು ಗುಡಿಯಲ್ಲಿ ಕೂರಿಸುತ್ತಾರೆ. ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ಗೋರಿಗಳ ಕೆಳಗೆ ಒಂದು ಗುಹೆ, ಅದರಾಚೆ ದಾರಿ ತಪ್ಪಿಸುವ ಸುರಂಗಗಳ ಜಾಲ. ಆ ಗುಹೆಗೆ ದೀಪ ಒಯ್ಯುವಂತಿಲ್ಲ. ಹುಡುಗಿ ಕತ್ತಲಲ್ಲಿ ಗೋಡೆ ಸವರುತ್ತಾ, ತಿರುವುಗಳನ್ನು ಎಣಿಸುತ್ತಾ, ಬಾಯಿಪಾಠ ಮಾಡಿಕೊಂಡು ಅದನ್ನೆಲ್ಲ ಕಲಿಯುತ್ತಾಳೆ. ಕತ್ತಲೇ ತನ್ನ ರಾಜ್ಯ ಎಂದು ನಂಬಿ ಬೆಳೆಯುತ್ತಾಳೆ. ಒಂದು ದಿನ ಕಳ್ಳತನಕ್ಕೆ ಬಂದ ಮಾಂತ್ರಿಕ ಗೆಡ್ ಕೈಯ ಕೋಲಿನಲ್ಲಿ ಬೆಳಕು ಹೊತ್ತಿಸಿದಾಗ ಅವಳು ಆ ಗುಹೆಯನ್ನು ಮೊದಲ ಸಲ ಕಣ್ಣಿನಿಂದ ನೋಡುತ್ತಾಳೆ. ಗೋಡೆ, ಚಾವಣಿಯ ತುಂಬ ಹರಳುಗಳು ಹೊಳೆಯುತ್ತಿರುತ್ತವೆ. ತಾನು ಒಡತಿ ಎಂದುಕೊಂಡ ಜಾಗ ಹೇಗಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಲೆ ಗ್ವಿನ್ ಅವರ ದೊಡ್ಡತನ ಇರುವುದು ಆಮೇಲೆ. ಟೆನಾರ್ ಹೊರಗೆ ಬರುತ್ತಾಳೆ, ಗೋರಿಗಳು ಕುಸಿಯುತ್ತವೆ. ಬೇರೆಯವರಾಗಿದ್ದರೆ ಅಲ್ಲಿಗೇ ಕಥೆ ಮುಗಿಸುತ್ತಿದ್ದರು. ಇವರು ಬಿಡುಗಡೆಯಾದ ಮೇಲಿನ ದಿನಗಳನ್ನೂ ತೋರಿಸುತ್ತಾರೆ. ಅವಳಿಗೆ ಖುಷಿಯೇ ಆಗುವುದಿಲ್ಲ. ವ್ಯರ್ಥವಾದ ವರ್ಷಗಳಿಗಾಗಿ ಅಳುತ್ತಾಳೆ. ತನ್ನನ್ನು ಹೊರಗೆ ತಂದವನ ಮೇಲೇ ಚಾಕು ಹಿಡಿಯುವಷ್ಟು ಗೊಂದಲ. ಇನ್ನು ಮುಂದಿನದ್ದನ್ನೆಲ್ಲ ತಾನೇ ಆರಿಸಿಕೊಳ್ಳಬೇಕು ಎಂಬುದು ಅವಳಿಗೆ ಭಾರ. ನನ್ನ ಮರುದಿನದ ಪ್ರಶ್ನೆಗೆ ನಂಜಮ್ಮನನ್ನು ಬಿಟ್ಟರೆ ಇಷ್ಟು ಪ್ರಾಮಾಣಿಕವಾಗಿ ಉತ್ತರ ಕೊಟ್ಟವಳು ಇವಳೊಬ್ಬಳೇ. ಅಕ್ಕನ ಮಗಳ ಮೆಚ್ಚಿನದೂ ಇದೇ, ‘ಗೃಹಭಂಗ’ ಅಲ್ಲ. ಅವಳ ವಯಸ್ಸಿಗೆ ಅದು ಸರಿಯೇ.

ನೇಮಿಚಂದ್ರ ಅವರ ‘ಯಾದ್ ವಶೇಮ್’ 2007ರದ್ದು. ಹಿಟ್ಲರನ ಜರ್ಮನಿಯಿಂದ ಅಪ್ಪನ ಜೊತೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಹ್ಯಾನಾ ಇಲ್ಲಿಯವಳಾಗಿಯೇ ಬೆಳೆಯುತ್ತಾಳೆ. ವಯಸ್ಸಾದ ಮೇಲೆ, ಅಲ್ಲೇ ಉಳಿದುಹೋದ ಮನೆಯವರು ಏನಾದರು ಎಂದು ಹುಡುಕಿ ಹೊರಡುತ್ತಾಳೆ. ಹೆಸರು, ಹಿಟ್ಲರನ ಕಾಲದಲ್ಲಿ ಕೊಲೆಯಾದ ಯಹೂದಿಗಳಿಗಾಗಿ ಜೆರುಸಲೇಮಿನಲ್ಲಿ ಕಟ್ಟಿದ ಸ್ಮಾರಕದ್ದು. ಕನ್ನಡದಲ್ಲಿ ಇಂಥ ವಸ್ತು ಎತ್ತಿಕೊಂಡದ್ದಕ್ಕೇ ಲೇಖಕಿಗೆ ಕೈಮುಗಿಯಬೇಕು. ಭಾಷೆ ಸಲೀಸು, ಕನ್ನಡ ಓದಿನ ಅಭ್ಯಾಸ ಕಡಿಮೆ ಇರುವವರೂ ಬೇಗ ಓದಬಹುದು. ಕೆಲವು ಕಡೆ ಇತಿಹಾಸದ ವಿವರ ಪಾಠದಂತೆ ಉದ್ದವಾಗುತ್ತದೆ, ಆಗ ಹ್ಯಾನಾ ಕಣ್ಣಿಂದ ಮರೆಯಾಗುತ್ತಾಳೆ. ಅರ್ಧ ಬದುಕು ಕಳೆದ ಮೇಲೂ ಹಳೆಯ ಪ್ರಶ್ನೆಯನ್ನು ಬಿಡದಿರುವುದು ಒಂದು ಥರದ ಗಟ್ಟಿತನ. ಅದನ್ನು ಇಷ್ಟು ಚೆನ್ನಾಗಿ ಹಿಡಿದ ಪುಸ್ತಕ ಈ ಐದರಲ್ಲಿ ಬೇರೆ ಇಲ್ಲ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ 1982ರದ್ದು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಚಿತ್ರದುರ್ಗದ ಕೊನೆಯ ನಾಯಕ ಮದಕರಿ, 1779ರಲ್ಲಿ ಹೈದರಾಲಿಗೆ ಕೋಟೆ ಬೀಳುವವರೆಗಿನ ಕಥೆ. ಒಳಗಿನ ಒಳಸಂಚುಗಳನ್ನು ಬರೆಯುವುದರಲ್ಲಿ ತ.ರಾ.ಸು. ಅವರಿಗೆ ಸಾಟಿಯಿಲ್ಲ. ಮದಕರಿ ಪ್ರತಿ ಮುತ್ತಿಗೆಯಾದ ಮೇಲೂ ಕೋಟೆ ಸರಿಮಾಡಿಕೊಂಡು ಮತ್ತೆ ನಿಲ್ಲುತ್ತಾನೆ. ಆದರೆ ಅವನು ರಾಜ, ಅವನ ಹಿಂದೆ ಒಂದು ಊರೇ ಇದೆ. ಮನೆಯಲ್ಲಿ ಒಬ್ಬಳೇ ಕೂತ ಹುಡುಗಿಗೆ ಅವನು ದೂರದವನು. ಪುಸ್ತಕ ಬಲು ದಪ್ಪ, ಬಸ್ಸಿಗೆ ಆಗದು. ದಸರಾ ರಜೆಗೆ ಇಟ್ಟುಕೊಳ್ಳಿ, ಓದಿದ ಮೇಲೆ ದುರ್ಗ ಹತ್ತಿ ಬನ್ನಿ.

ಇನ್ನು ಯಾರಿಗೆ ಯಾವುದು. ಒಂದೇ ಒಂದು ಕೊಳ್ಳಲು ದುಡ್ಡಿದ್ದರೆ ‘ಗೃಹಭಂಗ’. ಮನಸ್ಸು ತೀರ ಕುಗ್ಗಿರುವವರಿಗೆ ಇದನ್ನು ಮೊದಲು ಕೊಡಬೇಡಿ, ಸಾವುಗಳು ಜಾಸ್ತಿ. ಅಂಥವರಿಗೆ ‘ಟೂಂಬ್ಸ್ ಆಫ್ ಅಟುವಾನ್’ ಕೊಡಿ, ನಂಜಮ್ಮ ಆಮೇಲೆ ಬರಲಿ. ಹದಿನೈದು ಹದಿನಾರರ ಮಕ್ಕಳಿಗೂ ಇದೇ ಕ್ರಮ ಸರಿ. ಅಪ್ಪ ಅಮ್ಮನಿಗೆ, ಚರಿತ್ರೆ ಇಷ್ಟಪಡುವ ಸ್ನೇಹಿತರಿಗೆ ‘ಯಾದ್ ವಶೇಮ್’.

ಅಡೆಯೆಮಿ ಅವರ ಸರಣಿಯನ್ನು ಮೂರೂ ಒಟ್ಟಿಗೆ ಕೊಳ್ಳಬೇಡಿ. ಮೊದಲನೆಯದನ್ನು ಯಾರ ಹತ್ತಿರವಾದರೂ ಇಸಿದುಕೊಂಡು ಐವತ್ತು ಪುಟ ಓದಿ ನೋಡಿ. ಮೂರು ‘ನಾನು’ಗಳು ನಿಮಗೆ ತೊಡಕಾಗದಿದ್ದರೆ, ಮತ್ತೆ ನೀವು ಮನೆಯಲ್ಲಿ ಕೂತು ಓದುವವರಾದರೆ, ಮುಂದುವರಿಯಿರಿ. ನನ್ನ ಪ್ರತಿಯನ್ನು ಅಕ್ಕನ ಮಗಳೇ ಇಟ್ಟುಕೊಂಡಿದ್ದಾಳೆ. ಎರಡನೆಯದು ಬೇಕಾದರೆ ಅವಳೇ ತನ್ನ ಪಾಕೆಟ್ ಮನಿಯಲ್ಲಿ ತೆಗೆದುಕೊಳ್ಳುತ್ತಾಳಂತೆ. ಮುಂದಿನ ತಿಂಗಳ ನನ್ನ 600 ರೂಪಾಯಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ನಿಗೆ ಮೀಸಲು, ಒಂದು ಪ್ರತಿ ಅವಳಿಗೆ, ಒಂದು ನನಗೆ.